ಉಳಿದ ಮಾತು, ಅಳಿದ ಮಾತು

‘ರೂತ್‌ಲೆಸ್’ ಎಂಬ ಇಂಗ್ಲಿಷ್ ಮಾತು ನಮಗೆಲ್ಲ ಪರಿಚಿತ. ಅದರ ಒಡಹುಟ್ಟಿದ ‘ರೂತ್‌ಫುಲ್’ ಎಂಬ ವಿಶೇಷಣವನ್ನು ಕೇಳಿದವರು ಎಷ್ಟು ಮಂದಿ? ಬಳಕೆ ತಪ್ಪಿದ್ದೆಂಬ ಹಣೆಪಟ್ಟಿ ಹೊತ್ತು ಅದು ನಿಘಂಟಿನ ಮೂಲೆಯಲ್ಲಿ ಕುಳಿತಿದೆ. ನಿರ್ದಯನ ಹೆಸರು ಉಳಿಯಿತು, ದಯಾವಂತನ ಹೆಸರು ಅಳಿಯಿತು.

‘ರೂ’ ಎಂದರೆ ಮರುಗು. ‘ಟ್ರೂ’ ಎಂಬುದರಿಂದ ‘ಟ್ರೂತ್’ ಆದಂತೆ ‘ರೂ’ ಎಂಬುದರಿಂದ ‘ರೂತ್’, ಅಂದರೆ ಮರುಕ. 14ನೆಯ ಶತಮಾನದ ಚಾಸರನಿಗೆ ಇದು ಸಹಜವಾದ ಮಾತು. 1637ರಲ್ಲಿ ಸಹಪಾಠಿಯ ಸಾವಿಗೆ ಮರುಗಿ ಬರೆದ ‘ಲಿಸಿಡಾಸ್’ನಲ್ಲಿ ಮಿಲ್ಟನ್ನನೂ ಇದನ್ನು ಬಳಸಿದ್ದಾನೆ. ‘ರೂತ್‌ಫುಲ್’ಗೆ ಒಂದು ವಿಶೇಷವಿತ್ತು: ಮರುಗುವವನೂ ರೂತ್‌ಫುಲ್, ಮರುಕ ಹುಟ್ಟಿಸುವ ದುಃಸ್ಥಿತಿಯೂ ರೂತ್‌ಫುಲ್. ಕಣ್ಣೀರಿಗೂ ಅದನ್ನು ಒರೆಸುವ ಕೈಗೂ ಒಂದೇ ಮಾತು! ನಾವಾದರೋ ಕರುಣಾಳುವನ್ನೂ ಕರುಣಾಜನಕನನ್ನೂ ಬೇರೆ ಬೇರೆ ಕೂರಿಸಿದ್ದೇವೆ.

ಮಾತು ಸತ್ತರೆ ಗುಣವೂ ಸತ್ತಂತೆಯೆ? ಹಾಗೆನ್ನುವುದು ಅವಸರದ ತೀರ್ಮಾನ. ಫ್ರೆಂಚಿನಿಂದ ಬಂದ ‘ಪಿಟಿ’, ‘ಮರ್ಸಿ’ಗಳು ಇಂಗ್ಲಿಷಿನಲ್ಲಿ ಆ ಜಾಗ ತುಂಬಿದವು. ಆದರೆ ‘ಪಿಟಿಫುಲ್’ ಎಂಬುದರ ಗತಿ ನೋಡಿ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಭಕ್ತರು ಹಾಗಿರಬೇಕೆಂಬ ಉಪದೇಶವಿದೆ. ಅಲ್ಲಿ ಅದರರ್ಥ ಕರುಣಾಳು. ಇಂದು ಯಾರನ್ನಾದರೂ ಹಾಗೆ ಕರೆದರೆ ಅದು ಬೈಗುಳ. ಕನಿಕರವು ಮೇಲೆ ನಿಂತು ಕೆಳಗೆ ನೋಡತೊಡಗಿದರೆ ತಿರಸ್ಕಾರಕ್ಕೆ ತಿರುಗಲು ತಡವಿಲ್ಲ. ಇತ್ತ ‘ರೂತ್‌ಲೆಸ್’ ಎಂಬುದು ವ್ಯಾಪಾರದಲ್ಲಿ, ಆಟದಲ್ಲಿ ಎಷ್ಟೋ ಸಲ ಹೊಗಳಿಕೆಯಾಗಿದೆ.

ಇಂಗ್ಲಿಷರನ್ನು ಕಂಡು ನಾವು ನಗುವ ಹಾಗಿಲ್ಲ. ನಮ್ಮಲ್ಲಿ ‘ಪಾಪ’ ಎಂಬ ಉದ್ಗಾರ ಇನ್ನೂ ಜೀವಂತವಾಗಿದೆ. ಹಿಂದೊಮ್ಮೆ ಹಾಜರಿ ಸಾಲದೆಂದು ಒಬ್ಬ ವಿದ್ಯಾರ್ಥಿಯನ್ನು ಪರೀಕ್ಷೆಗೆ ಕೂರಿಸಲು ನಾನು ಒಪ್ಪಲಿಲ್ಲ. ಅವನು ತಲೆತಗ್ಗಿಸಿ ಹೊರಟಾಗ ‘ಪಾಪ’ ಎಂದೆ. ನಿಯಮ ಪಾಲಿಸಿದ ನೆಮ್ಮದಿಯಿಂದ ಮನೆಗೆ ಬಂದೆ. ತರಗತಿಗೆ ಏಕೆ ಬರಲಿಲ್ಲವೆಂದು ಮಾತ್ರ ಕೇಳಿರಲಿಲ್ಲ. ತಂದೆ ಹಾಸಿಗೆ ಹಿಡಿದಿದ್ದರಿಂದ ಅವನು ಅಂಗಡಿಯಲ್ಲಿ ದುಡಿಯುತ್ತಿದ್ದನೆಂದು ಆಮೇಲೆ ತಿಳಿಯಿತು. ಕೇಳಿದ್ದರೂ ನಿಯಮ ಬದಲಾಗುತ್ತಿರಲಿಲ್ಲವೇನೋ. ಆದರೆ ಅವನ ಬಡತನವನ್ನು ಒಬ್ಬನಾದರೂ ವಿಚಾರಿಸಿದಂತಾಗುತ್ತಿತ್ತು.

ಮಾತು ಉಳಿದ ಮಾತ್ರಕ್ಕೆ ಮರುಕ ಉಳಿಯದು. ಇಂದು ಮರುಗುವವನು ನಾಳೆ ಮರುಕಕ್ಕೆ ಪಾತ್ರನಾಗಬಹುದು. ಆ ಹಳೆಯ ವಿಶೇಷಣಕ್ಕೆ ಇದು ಗೊತ್ತಿತ್ತು. ನಾನು ತಡವಾಗಿ ಕಲಿತೆ.