ಪದವಿಯ ವಿದ್ಯೆ, ಸೇವೆಯ ಅನುಭವ

ವಿದ್ಯೆ ಮೇಲೋ ಅನುಭವ ಮೇಲೋ ಎಂಬ ಜಿಜ್ಞಾಸೆ ಇಂದು ನಿನ್ನೆಯದಲ್ಲ. ಕೋಶ ಓದಬೇಕು, ದೇಶ ಸುತ್ತಬೇಕು ಎಂದ ನಮ್ಮ ಹಿರಿಯರು ಎರಡನ್ನೂ ಒಂದೇ ಮಾತಿನಲ್ಲಿ ಸೇರಿಸಿ ಹೇಳಿದರೇ ಹೊರತು, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಿರೆಂದು ಹೇಳಲಿಲ್ಲ. ಆದರೂ ಈ ಪ್ರಶ್ನೆ ಕಾಲಕಾಲಕ್ಕೆ ಹೊಸ ರೂಪ ತಾಳಿ ಬರುತ್ತದೆ. ಇಂದು ಅದು ಆಸ್ಪತ್ರೆಯ ಆಡಳಿತ ವಿಭಾಗದ ಬಾಗಿಲಲ್ಲಿ ಬಂದು ನಿಂತಿದೆ.

ಶಿಕಾರಿಪುರದಲ್ಲಿಯೋ ಸೊರಬದಲ್ಲಿಯೋ ವಾಸಿಸುವ ತರುಣನೊಬ್ಬ ಊರು ಬಿಡದೆಯೇ ಆನ್‌ಲೈನ್ ಶಿಕ್ಷಣದ ಮೂಲಕ ಆಡಳಿತ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆಯಬಹುದಾಗಿದೆ. ಮಾನ್ಯತೆ ಪಡೆದ ಸಂಸ್ಥೆಗಳು ಹೀಗೆ ನೀಡುವ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೨೨ರಲ್ಲಿ ಸ್ಪಷ್ಟಪಡಿಸಿತು. ವೈದ್ಯಕೀಯ, ಶುಶ್ರೂಷೆಗಳಿಗೆ ಈ ಮಾರ್ಗವಿಲ್ಲ. ಆಡಳಿತ ಶಾಸ್ತ್ರಕ್ಕೆ ಉಂಟು. ಸರ್ಕಾರಿ ತಾಲ್ಲೂಕು ಆಸ್ಪತ್ರೆಯ ಹೊಣೆ ಆಡಳಿತ ವೈದ್ಯಾಧಿಕಾರಿಗಳದ್ದಾದರೂ, ಖಾಸಗಿ ಆಸ್ಪತ್ರೆಗಳಲ್ಲಿ ಮತ್ತು ಧರ್ಮಸಂಸ್ಥೆಗಳ ಆಸ್ಪತ್ರೆಗಳಲ್ಲಿ ವೈದ್ಯರಲ್ಲದವರೂ ಆಡಳಿತಾಧಿಕಾರಿಗಳಾಗುತ್ತಾರೆ. ಅಂತಹ ಸ್ಥಾನಕ್ಕೆ ಈ ಪದವೀಧರನೂ, ಇಪ್ಪತ್ತೈದು ವರ್ಷ ವಾರ್ಡಿನಲ್ಲಿ ದುಡಿದ ಹಿರಿಯ ದಾದಿಯೂ ಏಕಕಾಲಕ್ಕೆ ಅರ್ಹತೆ ಹೇಳಿಕೊಂಡು ಬಂದರೆ ಯಾರಿಗೆ ಕೊಡುವುದು ನ್ಯಾಯ? ಇದು ಆ ಇಬ್ಬರ ಜೀವನೋಪಾಯದ ಪ್ರಶ್ನೆ ಮಾತ್ರವಲ್ಲ. ಮಂಚದ ಮೇಲೆ ಮಲಗಿರುವ ಮೂರನೆಯವನ ಪ್ರಾಣದ ಪ್ರಶ್ನೆಯೂ ಹೌದು.

ಇದನ್ನು ವಿವೇಚಿಸಲು ನಾವು ದೂರ ಹೋಗಬೇಕಾಗಿಲ್ಲ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರು ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಮಂಗಗಳ ಸಾವನ್ನು ಕಂಡವರು ಆ ಕಾಡಿನ ಜನ. ಆದರೆ ಅದರ ಕಾರಣವನ್ನು ಅರಿಯುವುದು ಅವರಿಂದ ಸಾಧ್ಯವಿರಲಿಲ್ಲ. ಹಳದಿ ಜ್ವರವೇ ನಮ್ಮ ದೇಶಕ್ಕೆ ಕಾಲಿಟ್ಟಿತೇನೋ ಎಂಬ ಶಂಕೆ ಮೊದಲಿಗೆ ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಿ, ಇದು ಬೇರೆಯೇ ವೈರಾಣುವೆಂದೂ ಉಣುಗುಗಳ ಕಡಿತದಿಂದ ಹರಡುತ್ತದೆಂದೂ ನಿರ್ಧರಿಸಿದರು. ನಾವು ಮಂಗನ ಕಾಯಿಲೆ ಎನ್ನುವ ರೋಗಕ್ಕೆ ವೈದ್ಯಶಾಸ್ತ್ರದಲ್ಲಿ ಆ ಕಾಡಿನ ಹೆಸರೇ ನಿಂತಿತು. ಹಳ್ಳಿಗರ ಕಣ್ಣಿಲ್ಲದಿದ್ದರೆ ವಿಜ್ಞಾನಿಗಳು ಆ ಕಾಡಿಗೆ ಬರುತ್ತಿರಲಿಲ್ಲ. ವಿಜ್ಞಾನಿಗಳಿಲ್ಲದಿದ್ದರೆ ಹಳ್ಳಿಗರ ಭಯವು ಭಯವಾಗಿಯೇ ಉಳಿಯುತ್ತಿತ್ತು.

ಇದೇ ರೋಗದ ಇತಿಹಾಸದಲ್ಲಿ ಇನ್ನೊಂದು ಪಾಠವೂ ಇದೆ. ಇದರ ತಡೆಗೆ ದಶಕಗಳ ಕಾಲ ಒಂದು ಲಸಿಕೆಯನ್ನು ಕೊಡಲಾಗುತ್ತಿತ್ತು. ಲಸಿಕೆ ಹಾಕಿಸಿಕೊಂಡವರಲ್ಲಿಯೂ ರೋಗ ಕಾಣಿಸಿತು. ಲೆಕ್ಕವಿಟ್ಟು ನಡೆಸಿದ ಅಧ್ಯಯನಗಳು ಅದರ ರಕ್ಷಣೆ ಸಾಲದೆಂಬುದನ್ನು ತೋರಿಸಿದವು. ೨೦೨೨ರಲ್ಲಿ ಅದರ ಬಳಕೆ ನಿಂತಿತು. ‘ಮೊದಲಿನಿಂದಲೂ ಕೊಡುತ್ತ ಬಂದಿದ್ದೇವೆ’ ಎಂಬುದು ಅನುಭವದ ಮಾತಾಗಿ ಕೇಳಿಸಬಹುದು. ವಾಸ್ತವವಾಗಿ ಅದು ರೂಢಿಯ ಮಾತು. ಪ್ರಶ್ನಿಸಿಕೊಳ್ಳದ ಅನುಭವ ಎಷ್ಟು ವರ್ಷದ್ದಾದರೂ ರೂಢಿಯೇ.

ಆಸ್ಪತ್ರೆಯ ಆಡಳಿತವೆಂದರೆ ಸಹಿ ಹಾಕುವುದಷ್ಟೇ ಅಲ್ಲ. ಔಷಧದ ದಾಸ್ತಾನು ಎಂದು ಮುಗಿಯುವುದೆಂದು ಮುಂಚೆಯೇ ಎಣಿಸುವುದು, ೨೦೧೬ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಕಸವನ್ನು ಬೇರ್ಪಡಿಸಿ ವಿಲೇವಾರಿ ಮಾಡಿಸುವುದು, ಈ ವರ್ಷದ ಅಂಕಿಗಳನ್ನು ಹೋದ ವರ್ಷದವುಗಳೊಂದಿಗೆ ತಾಳೆ ನೋಡುವುದು ಇವೆಲ್ಲ ಅಭ್ಯಾಸಮಾಡಿ ಕಲಿಯಬೇಕಾದವು. ಇವನ್ನು ಪದವಿ ಕಲಿಸುತ್ತದೆ. ಆದರೆ ಚಳಿಗಾಲ ಕಳೆಯುತ್ತಿದ್ದಂತೆ ಕೊಟ್ಟಿಗೆಗೆ ದರಗು ತರಲು ಜನ ಕಾಡಿಗೆ ಹೋಗುತ್ತಾರೆ, ಅದಕ್ಕೆ ಮೊದಲೇ ಉಣುಗು ನಿವಾರಕ ತೈಲ ಮನೆ ಸೇರಬೇಕು. ಯಾವ ಹಳ್ಳಿಯ ರೋಗಿ ಕೊನೆಯ ಬಸ್ಸು ತಪ್ಪೀತೆಂದು ಪರೀಕ್ಷೆ ಮುಗಿಯುವ ಮೊದಲೇ ಎದ್ದು ಹೋಗುತ್ತಾನೆ. ಖರ್ಚಿಗೆ ಹೆದರಿ ಯಾವ ತಾಯಿ ತನ್ನ ನೋವನ್ನು ಕಡಮೆ ಮಾಡಿ ಹೇಳುತ್ತಾಳೆ – ಇವನ್ನು ಯಾವ ಪಠ್ಯವೂ ಕಲಿಸಲಾರದು. ಶಿಕಾರಿಪುರದಿಂದ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಸುಮಾರು ೫೦ ಕಿಲೋಮೀಟರು. ಸೊರಬದಿಂದ ಇನ್ನೂ ದೂರ. ರೋಗಿಯನ್ನು ಯಾವ ಗಳಿಗೆಯಲ್ಲಿ ಕಳುಹಿಸಬೇಕೆಂಬ ನಿರ್ಣಯ ವೈದ್ಯರದು. ಆ ಗಳಿಗೆಯಲ್ಲಿ ವಾಹನವೂ ಚಾಲಕನೂ ಸಿದ್ಧವಾಗಿರುವಂತೆ ನೋಡುವ ಹೊಣೆ ಆಡಳಿತದ್ದು.

ಹಾಗೆಂದು ಆನ್‌ಲೈನ್ ಪದವಿಯನ್ನು ಹಗುರವಾಗಿ ಕಾಣುವುದು ಅನ್ಯಾಯ. ಎರಡು ವರ್ಷ ಬೆಂಗಳೂರಿನಲ್ಲಿದ್ದು ಓದುವ ಅನುಕೂಲ ಎಷ್ಟು ಮಂದಿಗೆ ಇದೆ? ಹಗಲು ವಾರ್ಡಿನಲ್ಲಿ ದುಡಿದು, ಸಂಜೆ ಮಕ್ಕಳನ್ನೂ ಅತ್ತೆ ಮಾವಂದಿರನ್ನೂ ನೋಡಿಕೊಂಡು, ರಾತ್ರಿ ಪಾಠ ಕೇಳುವ ಹೆಣ್ಣುಮಗಳಿಗೆ ಇದೊಂದೇ ದಾರಿ. ಆಕೆಯ ಪಾಲಿಗೆ ಈ ಪದವಿ ಅನುಭವಕ್ಕೆ ದೊರೆತ ಬೆಳಕು. ಸೇವೆಯ ಗಂಧವೇ ಇಲ್ಲದೆ, ಸಾಲ ಮಾಡಿ ಪದವಿ ಪಡೆದು, ನೇರವಾಗಿ ಅಧಿಕಾರದಲ್ಲಿ ಕೂರಬೇಕೆನ್ನುವವನಿಗೆ ಅದೇ ಪದವಿ ಅಹಂಕಾರಕ್ಕೆ ಕಾರಣವಾದೀತು. ದೋಷ ಕಲಿತ ಮಾರ್ಗದಲ್ಲಿಲ್ಲ, ಕಲಿತವನ ಉದ್ದೇಶದಲ್ಲಿದೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠದ ಕ್ರಿ. ಶ. ೧೧೬೨ರ ಶಾಸನವನ್ನು ಇಲ್ಲಿ ಸ್ಮರಿಸುವುದು ಉಚಿತ. ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ನಡೆಯುವ ಸ್ಥಾನವೆಂದು ಆ ಮಠವನ್ನು ವರ್ಣಿಸುವ ಶಾಸನವೇ, ದೀನರಿಗೂ ಅಂಗವಿಕಲರಿಗೂ ಅನ್ನವಿಕ್ಕುವ, ಅನಾಥ ರೋಗಿಗಳಿಗೆ ಚಿಕಿತ್ಸೆ ನಡೆಯುವ ಸ್ಥಾನವೆಂದೂ ಅದನ್ನು ಹೇಳುತ್ತದೆ. ಓದುವವರೂ ನರಳುವವರೂ ಅಲ್ಲಿ ಒಂದೇ ಸೂರಿನ ಆಶ್ರಯದಲ್ಲಿದ್ದರು. ಗ್ರಂಥದಿಂದ ತಲೆಯೆತ್ತಿದರೆ ರೋಗಿ ಕಾಣಿಸುವಂತಹ ವಿದ್ಯಾಭ್ಯಾಸ ಅದು.

ಆದುದರಿಂದ ನಮ್ಮ ನಿರ್ಣಯ ಇಷ್ಟು: ಅಧಿಕಾರಕ್ಕೆ ಮೊದಲ ಅರ್ಹತೆ ಸೇವೆ, ಅದನ್ನು ಪೂರ್ಣಗೊಳಿಸುವುದು ವಿದ್ಯೆ. ಪದವಿ ಮಾತ್ರವಿರುವ ತರುಣನನ್ನು ತಿರಸ್ಕರಿಸಬೇಕಾಗಿಲ್ಲ; ಒಂದೆರಡು ವರ್ಷ ನೋಂದಣಿಯ ಕಿಟಕಿಯಲ್ಲಿ, ಔಷಧ ಭಂಡಾರದಲ್ಲಿ, ರಾತ್ರಿಯ ಪಾಳಿಯಲ್ಲಿ ದುಡಿಸಿ ಅನಂತರ ಹೊಣೆ ಒಪ್ಪಿಸಲಿ. ಅನುಭವ ಮಾತ್ರವಿರುವ ಹಿರಿಯರಿಗೆ ಓದಲು ಸಮಯವನ್ನೂ ಶುಲ್ಕವನ್ನೂ ಸಂಸ್ಥೆಯೇ ಒದಗಿಸಲಿ. ಅರ್ಹತೆಯಲ್ಲಿ ಇಬ್ಬರೂ ಸಮನಾಗಿ ತೋರಿದಾಗ ಆಡಳಿತ ಮಂಡಳಿಯವರು ಒಂದು ಪ್ರಶ್ನೆ ಕೇಳಲಿ: ಕಸ ಗುಡಿಸುವವಳು ಬಂದು ‘ಆ ಮಂಚದ ರೋಗಿ ಯಾಕೋ ಸರಿ ಕಾಣುತ್ತಿಲ್ಲ’ ಎಂದರೆ, ಇವರಲ್ಲಿ ಯಾರು ಎದ್ದು ಹೋಗಿ ನೋಡುತ್ತಾರೆ? ಹಾಗೆ ಎದ್ದು ಹೋಗುವವರ ಕೈಯಲ್ಲಿಯೇ ಆಸ್ಪತ್ರೆಯ ಹೊಣೆ ಇರುವುದು ಧರ್ಮ.