ನೋವಿಗೆ ಮದ್ದು ಹಚ್ಚಿದರೆ ಶಿಲುಬೆ ಕೆಳಗಿಟ್ಟಂತೆಯೇ?



ಎದೆಯ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದವರನ್ನು ಕಾಣಲು ಹೋದಾಗ ನಾವು ಸುಲಭವಾಗಿ ಆಡಿಬಿಡುವ ಮಾತೊಂದಿದೆ: “ಯೇಸುವಿನ ಪಾಡುಗಳನ್ನು ನೆನೆದು ತಾಳಿಕೊಳ್ಳಿ.” ಮಾತು ಭಕ್ತಿಯದೇ. ಆದರೆ ಅದನ್ನು ಕೇಳಿದ ರೋಗಿ, ಮದ್ದು ಬೇಡುವುದೇ ವಿಶ್ವಾಸದ ಕೊರತೆಯೇನೋ ಎಂದು ಅಳುಕಿ ಸುಮ್ಮನಾದರೆ?

ಈ ನೋವು ಎಂಥದೆಂದು ಮೊದಲು ತಿಳಿಯೋಣ. ಪಕ್ಕೆಲುಬುಗಳ ನಡುವೆ ಕೊಯ್ದು ಅಗಲಿಸುವಾಗ ಅಲ್ಲಿ ಹಾದುಹೋಗುವ ನರಗಳಿಗೆ ಪೆಟ್ಟಾಗಬಹುದು. ಗಾಯ ಮಾಯ್ದ ಮೇಲೂ ಕೆಲವರಿಗೆ ಉರಿ, ಚುಚ್ಚುವ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಮುರಿದ ಕೈಗೆ ವಿಶ್ರಾಂತಿ ಕೊಡಬಹುದು. ಉಸಿರಾಡುವ ಎದೆಗೆ ಕೊಡಲಾಗದು. ನೋವಿಗೆ ಹೆದರಿ ಆಳವಾಗಿ ಉಸಿರೆಳೆಯದೆ, ಕೆಮ್ಮದೆ ಇದ್ದರೆ ಕಫ ಕಟ್ಟಿ ನ್ಯುಮೋನಿಯಾ ಬರಬಹುದು.

ವೈದ್ಯರು ಬಳಸುವ ಹಲವು ಉಪಾಯಗಳಲ್ಲಿ ಚರ್ಮಕ್ಕೆ ಅಂಟಿಸುವ ಲಿಡೋಕೇನ್ ಪ್ಯಾಚ್ ಕೂಡ ಒಂದು. ಸ್ವೀಡನ್ನಿನ ನೀಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ ಈ ಮದ್ದು, ನರವು ನೋವಿನ ಸುದ್ದಿ ಸಾಗಿಸದಂತೆ ತಡೆಯುತ್ತದೆ. ಪ್ಯಾಚ್ ಅಂಟಿಸಿದ ಜಾಗದಲ್ಲೇ ಕೆಲಸ ಮಾಡುವುದರಿಂದ ಸಾಮಾನ್ಯವಾಗಿ ಮಂಪರು ಬಾರದು. ಶೇಕಡ 5ರ ಪ್ಯಾಚನ್ನು ದಿನದಲ್ಲಿ 12 ಗಂಟೆ ಇಟ್ಟು, 12 ಗಂಟೆ ತೆಗೆದಿಡುವುದು ರೂಢಿ. ಹಸಿ ಗಾಯದ ಮೇಲೆ ಅಂಟಿಸಬಾರದು. ಅದರ ಮೇಲೆ ಶಾಖವನ್ನೂ ಕೊಡಬಾರದು. ಎಲ್ಲರಿಗೂ ಒಂದೇ ರೀತಿ ಗುಣ ಕಾಣುವುದಿಲ್ಲವಾದ್ದರಿಂದ ವೈದ್ಯರನ್ನು ಕೇಳಿಯೇ ಬಳಸಬೇಕು.

ಯೇಸುಸ್ವಾಮಿ ಶಿಲುಬೆಗೇರುವ ಮುನ್ನ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಬೇಡವೆಂದರು, ನಿಜ. ಅದು ಅವರೇ ಮಾಡಿಕೊಂಡ ಆಯ್ಕೆ. ಬೇರೆಯವರ ನೋವಿನ ಮುಂದೆ ಅವರು ನಡೆದುಕೊಂಡ ರೀತಿಯೇ ಬೇರೆ. ಕುಷ್ಠರೋಗಿಗೆ “ತಾಳಿಕೋ” ಎನ್ನಲಿಲ್ಲ, ಮುಟ್ಟಿ ಗುಣಪಡಿಸಿದರು. ಅವರು ಹೇಳಿದ ಸಾಮತಿಯ ಸಮಾರಿಯದವನೂ ಮೊದಲು ಮಾಡಿದ್ದು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ್ದು.

ಜಗದ್ಗುರು ಹನ್ನೆರಡನೇ ಪಯಸ್‌ರವರು 1957ರ ಫೆಬ್ರವರಿಯಲ್ಲಿ ಅರಿವಳಿಕೆ ವೈದ್ಯರಿಗೆ ಇದನ್ನೇ ಸ್ಪಷ್ಟಪಡಿಸಿದರು: ಸ್ವಇಚ್ಛೆಯಿಂದ ನೋವನ್ನು ಸ್ವೀಕರಿಸುವವರ ತ್ಯಾಗ ಮೆಚ್ಚತಕ್ಕದ್ದು, ಆದರೆ ನೋವನ್ನು ತಗ್ಗಿಸಿಕೊಳ್ಳಬಾರದೆಂಬ ನಿಯಮ ಎಲ್ಲರ ಮೇಲೂ ಇಲ್ಲ.

ನನ್ನ ನೋವನ್ನು ನಾನು ದೇವರಿಗೆ ಒಪ್ಪಿಸಬಹುದು. ನಿಮ್ಮ ನೋವನ್ನು ನಿಮ್ಮ ಪರವಾಗಿ ಒಪ್ಪಿಸಿಬಿಡಲು ನನಗೆ ಹಕ್ಕಿಲ್ಲ. ಮದ್ದು ಮಾಡಿದ ಮೇಲೂ ಉಳಿಯುವ ನೋವು, ನಿದ್ದೆಯಿಲ್ಲದ ರಾತ್ರಿಗಳು, ಇನ್ನೊಬ್ಬರ ಆಸರೆಯಲ್ಲಿ ಏಳಬೇಕಾದ ದಿನಗಳು: ಒಪ್ಪಿಸಲು ಅಷ್ಟೇ ಬೇಕಾದಷ್ಟಾಯಿತು.

ಮುಂದಿನ ಬಾರಿ ರೋಗಿಯನ್ನು ಕಾಣಲು ಹೋದಾಗ ಉಪದೇಶಕ್ಕಿಂತ ಮೊದಲು “ಎಲ್ಲಿ ನೋಯುತ್ತಿದೆ, ಔಷಧಿ ತಗೊಂಡಿರಾ?” ಎಂದು ಕೇಳಿ. ಕೆಮ್ಮುವಾಗ ಎದೆಗೆ ಒತ್ತಿ ಹಿಡಿಯಲು ದಿಂಬೊಂದನ್ನು ಕೈಗೆ ಕೊಡಿ. ಆಮೇಲೆ ಪಕ್ಕದಲ್ಲಿ ಕುಳಿತು ಒಟ್ಟಿಗೆ ಜಪಸರ ಹೇಳೋಣ. ಪ್ರಾರ್ಥಿಸಲು ಅವರಿಗೂ ಉಸಿರು ಬೇಕಲ್ಲವೇ?