ಕೂಲಿ ಎಂಬ ಮಾತು ಎಲ್ಲಿ ಹೋಯಿತು?

ಕಂಪನಿಗಳು ಆಡುವ ಮಾತು ಕೇಳಿ ನಗುವುದು ಸುಲಭ. ಸಿನರ್ಜಿ, ಓನರ್‌ಶಿಪ್, ಬ್ಯಾಂಡ್‌ವಿಡ್ತ್, ರೈಟ್‌ಸೈಜಿಂಗ್, ಹ್ಯೂಮನ್ ಕ್ಯಾಪಿಟಲ್ ಎಂದು ಒಬ್ಬ ಸೂಟಿನ ಮನುಷ್ಯ ಪರದೆಯ ಮೇಲೆ ಚಿತ್ರ ತೋರಿಸುತ್ತ ಒಂದು ತಾಸು ಮಾತಾಡಿದರೆ, ಕೇಳಿ ಎದ್ದು ಬಂದವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ನಗಬೇಕಾದ್ದೇ. ನಗರದ ಓದಿದ ಮಂದಿ ನಗುತ್ತಲೂ ಇದ್ದಾರೆ. ಹಗಲೆಲ್ಲ ಅದೇ ಮಾತಾಡಿ ಸಂಬಳ ಎಣಿಸಿಕೊಂಡು, ಸಂಜೆ ಅದನ್ನೇ ಅಣಕಿಸಿ ಹಗುರಾಗುತ್ತಾರೆ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ಕಡೆಯ ನಮಗೆ ಅಷ್ಟು ಹಗುರಾಗಿ ನಗಲು ಬರುವುದಿಲ್ಲ. ಈ ಮಾತುಗಳು ನಮ್ಮಲ್ಲಿಗೆ ಸಿಮೆಂಟಿನ ಧೂಳಿನ ಬೆನ್ನಿಗೇ ಬಂದವು. ಬಂದವು ಸುಮ್ಮನೆ ಕೂಡಲಿಲ್ಲ. ಅಲ್ಲಿ ಮೊದಲೇ ಕೂತಿದ್ದ ಒಂದು ಮಾತನ್ನು ಎಬ್ಬಿಸಿ ಕಳಿಸಿದವು. ಆ ಮಾತು ‘ಕೂಲಿ’.

ಈ ನೆಲದ ಕೆಳಗೆ ಸುಣ್ಣದ ಕಲ್ಲಿದೆ. ಅದೇ ಶಹಾಬಾದ ಫರ್ಸಿಯಾಗಿ ಎಲ್ಲೆಲ್ಲಿಯದೋ ಮನೆಗಳ ನೆಲಕ್ಕೆ ಹಾಸಿದೆ, ಅದೇ ಸುಟ್ಟು ಸಿಮೆಂಟಾಗಿದೆ. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದದ ಕಂಪನಿಯೂ ಅದರಲ್ಲಿತ್ತು. ವಾಡಿಯ ಕಾರ್ಖಾನೆ 1968ರದು. 1980ರ ದಶಕದಲ್ಲಿ ಮಳಖೇಡಕ್ಕೆ ರಾಜಶ್ರೀ ಬಂತು, ಸೇಡಂಗೆ ವಾಸವದತ್ತಾ ಬಂತು. 2022ರಲ್ಲಿ ಎಸಿಸಿ ಅದಾನಿಯವರ ಕೈಗೆ ಹೋಯಿತು. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ, ಕವಿರಾಜಮಾರ್ಗದ ಆಸ್ಥಾನವಿದ್ದ ಊರು. ಓದು ಕಲಿಯದವರೂ ಮಾತಿನ ಮರ್ಮ ಬಲ್ಲವರು ಎಂದು ಒಂಬತ್ತನೆಯ ಶತಮಾನದಲ್ಲೇ ಈ ನಾಡಿನ ಜನರನ್ನು ಮೆಚ್ಚಿದ ಪುಸ್ತಕ ಅದು. ಆ ಮೆಚ್ಚುಗೆಯನ್ನು ಈಗ ಪರೀಕ್ಷೆ ಮಾಡಿ ನೋಡುವ ಕಾಲ ಬಂದಿದೆ.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ತಿಳಿಯದ ಇಂಗ್ಲಿಷ್ ಮಾತೆಲ್ಲ ಪೊಳ್ಳು ಮಾತಲ್ಲ. ಕಾರ್ಖಾನೆಯ ಫಿಟ್ಟರ್ ಕಿಲ್ನ್ ಅನ್ನುತ್ತಾನೆ, ಕ್ಲಿಂಕರ್ ಅನ್ನುತ್ತಾನೆ, ಬೇರಿಂಗ್ ಹೋಗ್ಯಾದ, ನಾಳಿ ಶಟ್‌ಡೌನ್ ಅದ ಅನ್ನುತ್ತಾನೆ. ಆ ಮಾತು ಕೇಳಿದ ಕೂಡಲೆ ಇನ್ನೊಬ್ಬನ ಕೈ ಒಂದು ವಸ್ತುವಿನ ಮೇಲೆ ಹೋಗುತ್ತದೆ. ಅದು ದುಡಿಮೆಯ ಭಾಷೆ. ಅದು ಇಂಗ್ಲಿಷಿನದಾದರೇನು, ಉರ್ದುವಿನದಾದರೇನು, ನಮ್ಮದೇ. ‘ನಾವೆಲ್ಲ ಓನರ್‌ಶಿಪ್ ತಗೋಬೇಕು’ ಅಂದಾಗ ಯಾರ ಕೈ ಎಲ್ಲಿ ಹೋಗಬೇಕು? ಕಾರ್ಖಾನೆಯ ಪತ್ರ ನಮ್ಮ ಹೆಸರಿಗೆ ಆಗುವುದಿಲ್ಲವಲ್ಲ. ಮಾಲಕನ ಚಿಂತೆಯನ್ನಷ್ಟೇ ಹಂಚಿಕೊಳ್ಳಬೇಕು, ಮಾಲಕತ್ವವನ್ನಲ್ಲ.

ಈಗ ‘ಕೂಲಿ’ ಎಂಬ ಮಾತನ್ನು ಕೈಯಲ್ಲಿ ಹಿಡಿದು ನೋಡೋಣ. ಅದು ಮುರುಕಲು ಮಾತು, ಬಡವರ ಮಾತು. ಆದರೆ ಅದರೊಳಗೆ ಒಂದು ಪೂರ್ತಿ ಸಂಬಂಧ ಇದೆ. ಕೊಡುವವನೊಬ್ಬ ಇದ್ದಾನೆ, ತಗೊಳ್ಳುವವನೊಬ್ಬ ಇದ್ದಾನೆ, ಇಷ್ಟು ದಿನ ಎಂಬ ಲೆಕ್ಕ ಇದೆ, ಇಷ್ಟು ರೂಪಾಯಿ ಎಂಬ ಮೊತ್ತ ಇದೆ. ‘ಕೂಲಿ ಕೊಡ್ರಿ’ ಎನ್ನುವುದು ಎರಡೇ ಶಬ್ದಗಳ ವಾಕ್ಯ. ಏನೂ ಓದದ ಹೆಣ್ಣುಮಗಳು ಗೌಡರ ಅಂಗಳದಲ್ಲಿ ನಿಂತು ಅದನ್ನು ಆಡಬಲ್ಲಳು. ಕೊಡದಿದ್ದರೆ ಅನ್ಯಾಯ ಯಾರದು ಎಂದು ನಿಂತು ನೋಡುವವರಿಗೆಲ್ಲ ತಿಳಿಯುತ್ತದೆ.

ಹೊಸ ಮಾತುಗಳನ್ನು ಇದೇ ವಾಕ್ಯದಲ್ಲಿ ಇಟ್ಟು ನೋಡಿ. ಆಶಾ, ಅಂಗನವಾಡಿಯ ಹೆಣ್ಣುಮಕ್ಕಳಿಗೆ ಸರಕಾರ ಕೊಡುವುದು ಗೌರವಧನ. ‘ನನ್ನ ಗೌರವ ಕೊಡ್ರಿ, ಮೂರು ತಿಂಗಳಿಂದ ಬಾಕಿ ಅದ’ ಎಂದು ಕೇಳುವುದು ಹೇಗೆ? ಗೌರವ ಕೇಳಿ ಪಡೆಯುವಂಥದಲ್ಲ ಎಂದು ನಮಗೆ ಶಾಲೆಯಲ್ಲೇ ಕಲಿಸಿದ್ದಾರೆ. ನಮ್ಮ ಓದುಗರಲ್ಲಿ ಅತಿಥಿ ಶಿಕ್ಷಕರು ಬಹಳ ಮಂದಿ ಇದ್ದೀರಿ. ಅತಿಥಿ ಎಂದು ಕರೆದ ಮೇಲೆ ಮುಗಿಯಿತು. ಅತಿಥಿಯಾದವನು ಊಟ ಯಾವಾಗ ಎಂದು ಕೇಳಬಾರದು, ಎಷ್ಟು ದಿನ ಇರಲಿ ಎಂದೂ ಕೇಳಬಾರದು. ಕಂಪನಿ ನಮ್ಮನ್ನು ಕುಟುಂಬ ಎನ್ನುತ್ತದೆ. ಕುಟುಂಬದೊಳಗೆ ಸಂಘ ಕಟ್ಟಿದವನು ಮನೆಮುರುಕನಾಗುತ್ತಾನೆ. ಪಾರ್ಟ್ನರ್ ಎನ್ನುತ್ತದೆ. ಪಾಲುದಾರ ತನ್ನ ಮೇಲೆ ತಾನೇ ಮುಷ್ಕರ ಹೂಡಲು ಬರುತ್ತದೆಯೆ? ಈ ಮಾತುಗಳ ಗುಟ್ಟು ಅವುಗಳ ಅರ್ಥದಲ್ಲಿ ಇಲ್ಲ. ಅವುಗಳ ಮುಂದೆ ‘ಕೊಡ್ರಿ’ ಎಂಬ ಕ್ರಿಯಾಪದ ನಿಲ್ಲಲಾರದು. ಗುಟ್ಟು ಇರುವುದು ಅಲ್ಲಿ.

ಚಿಮ್ಮನಚೋಡದಂಥ ಊರಿನ ಕಟ್ಟೆಗೆ ಹಬ್ಬಕ್ಕೆಂದು ಬಂದ ಹುಡುಗರನ್ನು ಮಾತಾಡಿಸಿ. ಒಬ್ಬ ಬೆಂಗಳೂರಿನಲ್ಲಿ ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುತ್ತಾನೆ ಎಂದುಕೊಳ್ಳಿ.

“ಏನ್ ಮಾಡ್ಲತ್ತಿಯೋ ತಮ್ಮಾ?”

“ಡೆಲಿವರಿ ಪಾರ್ಟ್ನರ್ ಇದೀನಿ ಕಾಕಾ.”

“ಪಾರ್ಟ್ನರ್ ಅಂದ್ರ?”

“ಪಾಲುದಾರ.”

“ಭೇಷ್. ಹೊಲ ಪಾಲಿಗೆ ಹಾಕಿದ್ರ ನಮಗ ಅರ್ಧ ರಾಶಿ ಬರ್ತದ. ನಿಂಗೆಷ್ಟ್ ಬರ್ತದ?”

“ಪಾಲು ಇಲ್ಲ ಕಾಕಾ, ಒಂದ್ ಆರ್ಡರಿಗಿ ಇಷ್ಟು ಅಂತ.”

“ಗಾಡಿ ಯಾರ್ದು?” “ನಂದೇ.” “ಪೆಟ್ರೋಲ್?” “ಅದೂ ನಂದೇ.” “ಬಿದ್ದು ಕಾಲು ಮುರಿದ್ರ?”

“ಕಾಲೂ ನಂದೇ ಕಾಕಾ.”

ಅರ್ಥಶಾಸ್ತ್ರ ಓದದ ಕಾಕಾನ ಮೊದಲ ಪ್ರಶ್ನೆಗೇ ಆ ಮಾತು ಕುಸಿದು ಬಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಇಂಥ ಹುಡುಗರನ್ನು ಗಿಗ್ ಕೆಲಸಗಾರರು ಎಂದು ಕರೆದು, ಮಾಲಕ-ನೌಕರರ ಸಾಂಪ್ರದಾಯಿಕ ಸಂಬಂಧದ ಹೊರಗೆ ದುಡಿಯುವವರು ಎಂದು ಅರ್ಥ ಹೇಳಿತು. ಏನು ಅಲ್ಲ ಎಂಬುದರಿಂದಲೇ ಒಬ್ಬ ಮನುಷ್ಯನನ್ನು ಗುರುತಿಸುವ ವಿದ್ಯೆ ನಮಗೆ ಹೊಸತಲ್ಲ ಬಿಡಿ. ವರ್ಣಗಳ ಹೊರಗಿನವರು ಎಂದು ಕರೆಸಿಕೊಂಡು ಬದುಕಿದವರು ನಾವು. 2025ರಲ್ಲಿ ಕರ್ನಾಟಕ ಇವರ ಕ್ಷೇಮಕ್ಕೊಂದು ಕಾನೂನು ಮಾಡಿತು. ಒಳ್ಳೆಯದೇ. ಆದರೆ ಮಾಲಕ ಯಾರು ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಹೆಸರಿನ ಈ ಆಟ ಕಂಪನಿಗಳು ಕಂಡುಹಿಡಿದದ್ದೂ ಅಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯನ್ನು ಒಮ್ಮೆ ತೆರೆದು ನೋಡಿ. ಅದರ ಎರಡನೆಯ ಕಲಮಿನಲ್ಲಿ ‘ಕರಾರು’ ಎಂದರೇನೆಂದು ವಿವರಿಸುವ ಕಡೆ ಹೆಸರುಗಳ ಒಂದು ಉದ್ದ ಪಟ್ಟಿ ಇದೆ. ಭಗೇಲಾ, ಜೀತ, ವೆಟ್ಟಿ, ಪಾಲೇರು, ಕಮಿಯಾ, ಹೀಗೆ ದೇಶದ ಮೂಲೆಮೂಲೆಗಳಲ್ಲಿ ಜೀತವನ್ನು ಕರೆಯುತ್ತಿದ್ದ ಹೆಸರುಗಳು. ಭಗೇಲಾ ನಮ್ಮ ನಿಜಾಮ ಸೀಮೆಯದು. ‘ಹೊಲ್ಯಾ’ ಎಂಬುದೂ ಆ ಪಟ್ಟಿಯಲ್ಲಿದೆ. ಒಂದು ಜಾತಿಯ ಹೆಸರೇ ಒಂದು ಕಡೆ ಜೀತದ ಹೆಸರಾಗಿತ್ತು. ಇನ್ನೊಂದು ಹೆಸರು ‘ಸೇವಕ್’. ಎಷ್ಟು ಮರ್ಯಾದೆಯ ಮಾತು! ಕಾನೂನು ಬರೆದವರಿಗೆ ಹಗ್ಗ ಒಂದೇ, ಗಂಟಿನ ಹೆಸರು ಮಾತ್ರ ಊರಿಗೊಂದು ಎಂದು ಗೊತ್ತಿತ್ತು. ಬರೀ ಜೀತ ಎಂದಷ್ಟೇ ಬರೆದಿದ್ದರೆ, ಸಾಹುಕಾರ ಕೋರ್ಟಿನಲ್ಲಿ ನಿಂತು ‘ಇಂವ ಜೀತದಾಳಲ್ರೀ, ನಮ್ಮನಿ ಸೇವಕ’ ಎಂದು ಕೈ ತೊಳೆದುಕೊಳ್ಳುತ್ತಿದ್ದ.

ಗುತ್ತಿಗೆ ಕಾರ್ಮಿಕರ ಸಂಗತಿಯೂ ಇದೇ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಒಂದು ಒಳ್ಳೆಯ ಮಾತನ್ನು ಮುಂದಿಟ್ಟಿತು: ಪ್ರಧಾನ ಮಾಲಕ. ಗುತ್ತೇದಾರ ಕೂಲಿ ಮುಳುಗಿಸಿ ಓಡಿಹೋದರೆ ಪ್ರಧಾನ ಮಾಲಕನೇ ಕೊಡಬೇಕು ಎಂದಿತು. ಆ ಒಂದು ಮಾತಿನಿಂದ ತಟ್ಟಲು ಒಂದು ಬಾಗಿಲು ಸಿಕ್ಕಿತು. 2025ರ ನವೆಂಬರಿನಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಕಾಯ್ದೆ ಅವುಗಳೊಳಗೆ ಸೇರಿಹೋಗಿದೆ. ಗೇಟಿನ ಮುಂದಿನ ಮಾತಾದರೂ ಅದಕ್ಕಿಂತ ಮುಂಚೆಯೇ ಬದಲಾಗಿತ್ತು. ಗುತ್ತೇದಾರ ವೆಂಡರ್ ಆಗಿದ್ದ, ಮನುಷ್ಯರು ಮ್ಯಾನ್‌ಪವರ್ ಆಗಿದ್ದರು. ಕರೆಂಟು ಸಪ್ಲೈ ಆದಂತೆ, ನೀರು ಸಪ್ಲೈ ಆದಂತೆ, ಮಂದಿ ಸಪ್ಲೈ ಆಗುತ್ತಾರೆ. ಮಂದಿಯನ್ನು ಸಂಪನ್ಮೂಲ ಎನ್ನುವ ರೂಢಿಗೆ ಸರಕಾರವೂ ಮುದ್ರೆ ಒತ್ತಿತ್ತು: 1985ರಲ್ಲಿ ದಿಲ್ಲಿಯ ಶಿಕ್ಷಣ ಖಾತೆಯೇ ಮಾನವ ಸಂಪನ್ಮೂಲ ಅಭಿವೃದ್ಧಿ ಖಾತೆಯಾಯಿತು. ಮತ್ತೆ ಶಿಕ್ಷಣ ಖಾತೆಯಾಗಲು 2020 ಬರಬೇಕಾಯಿತು. ಮೂವತ್ತೈದು ವರ್ಷ ನಮ್ಮ ಮಕ್ಕಳು ಕಾಗದದ ಮೇಲೆ ಸುಣ್ಣದ ಕಲ್ಲಿನ ಜಾತಿಗೆ ಸೇರಿದ್ದರು.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ. ಅದನ್ನು ಜಾರಿಸಿಕೊಂಡು ಹೋದರೆ ಈ ಲೇಖನವೇ ಅಪ್ರಾಮಾಣಿಕವಾಗುತ್ತದೆ. ನಮ್ಮ ಕೇರಿಯ ಹುಡುಗನಿಗೆ ಅಸೋಸಿಯೇಟ್ ಎಂದು ಬರೆದ ಬಿಲ್ಲೆ ಕೊರಳಿಗೆ ಬಿದ್ದಾಗ ಆಗುವ ಸಂತೋಷ ಸುಳ್ಳೆ? ಊರಲ್ಲಿ ಅವನನ್ನು ‘ಲೇ’ ಎಂದು ಕರೆಯುತ್ತಾರೆ. ಅವನ ಅಪ್ಪನನ್ನೂ, ನರೆತ ತಲೆಯ ಅಜ್ಜನನ್ನೂ ಹಾಗೇ ಕರೆದರು. ಹೋಟೆಲಿನಲ್ಲಿ ಬೇರೆ ಕಪ್ಪು ಇಟ್ಟ ಊರುಗಳಿವು. ಅಂಥವನನ್ನು ಒಂದು ಏಸಿ ಕೋಣೆಯಲ್ಲಿ ‘ಸರ್’ ಎಂದು ಕರೆದರೆ, ಅವನು ಅದನ್ನು ಪೊಳ್ಳು ಮಾತೆಂದು ಎಸೆಯಬೇಕೆ? ಎಸೆಯುವ ಸುಖ ಮೇಲ್ಜಾತಿಯ ಮೇಲ್ವರ್ಗದವನಿಗೆ ಇದೆ. ಹೆಸರಿನ ಮರ್ಯಾದೆ ಅವನಿಗೆ ಹುಟ್ಟಿನಿಂದಲೇ ಇತ್ತು. ಹಾಗಾಗಿ ಕಂಪನಿ ಭಾಷೆಯನ್ನು ಅಣಕಿಸುವ ನಗರದವರ ನಗೆಯಲ್ಲಿ ನಾವು ಪೂರ್ತಿ ಸೇರಿಕೊಳ್ಳಲಾರೆವು. ‘ಕೂಲಿ’ ಎಂಬ ಮಾತಿನಲ್ಲಿ ಹಕ್ಕು ಇತ್ತು ನಿಜ, ಅವಮಾನವೂ ಇತ್ತು. ಕಂಪನಿ ಮಾಡಿದ ಜಾಣತನ ಏನೆಂದರೆ, ಅವಮಾನವನ್ನು ತೆಗೆಯುವ ನೆಪದಲ್ಲಿ ಹಕ್ಕನ್ನೂ ಒಟ್ಟಿಗೆ ತೆಗೆದುಕೊಂಡು ಹೋಯಿತು.

ಹೆಸರು ಬದಲಾಯಿಸುವುದೇ ತಪ್ಪು ಎಂದಲ್ಲ. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ‘ಹರಿಜನ’ ಎಂಬ ಹೆಸರನ್ನು ಕಾನೂನಿನೊಳಗೆ ತರಲು ಹೊರಟಾಗ ಅಂಬೇಡ್ಕರ್ ಮತ್ತು ಅವರ ಪಕ್ಷದವರು ವಿರೋಧಿಸಿ ಸಭೆಯಿಂದ ಎದ್ದು ಹೊರಗೆ ನಡೆದರು. ಆ ಹೆಸರಿನಲ್ಲಿ ಬೈಗುಳ ಇರಲಿಲ್ಲ, ದೇವರೇ ಇದ್ದ. ಆದರೂ ಬೇಡ ಎಂದರು. ನೀರು, ನೆಲ, ಶಾಲೆ ಯಾವುದೂ ಬದಲಾಗದೆ ಹೆಸರು ಮಾತ್ರ ಬದಲಾದರೆ ಅದು ಯಾರ ಸಮಾಧಾನಕ್ಕೆ? ‘ದಲಿತ’ ಎಂಬ ಹೆಸರು ಹಾಗಲ್ಲ. ತುಳಿಸಿಕೊಂಡವನು ಎಂದ ಕೂಡಲೆ ತುಳಿದವನೂ ವಾಕ್ಯದೊಳಗೆ ಬಂದು ನಿಲ್ಲಲೇಬೇಕು. ಅಸೋಸಿಯೇಟ್ ಎಂದರೆ ಎದುರಿಗೆ ಯಾರೂ ಬಂದು ನಿಲ್ಲುವುದಿಲ್ಲ.

ಇನ್ನು ಈ ಮಾತನ್ನು ಆಡುವವನ ಪಾಡು. ಅವನು ಸುಳ್ಳುಗಾರನೆ? ಅಮೆರಿಕದ ತತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ 1986ರ ಒಂದು ಪ್ರಬಂಧದಲ್ಲಿ ಇದನ್ನು ಬಿಡಿಸಿದ್ದಾನೆ. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ, ಅದನ್ನು ಮುಚ್ಚಲು ಹೆಣಗುತ್ತಾನೆ. ಇನ್ನೊಂದು ಬಗೆಯವನಿಗೆ ತನ್ನ ಮಾತು ನಿಜವೋ ಸುಳ್ಳೋ ಎಂಬ ಗೊಡವೆಯೇ ಇಲ್ಲ. ಆ ಎರಡನೆಯದಕ್ಕೆ ಅವನು ಸೆಗಣಿಗೆ ಸಂಬಂಧಿಸಿದ ಒಂದು ಇಂಗ್ಲಿಷ್ ಬೈಗುಳವನ್ನೇ ಹೆಸರಾಗಿ ಇಟ್ಟ. ನಮ್ಮಲ್ಲಿ ಸೆಗಣಿಗಿಂತ ಒಂದು ಹೆಜ್ಜೆ ಮುಂಚಿನ ಮಾತಿದೆ: ಬೂಸಾ. 1973ರಲ್ಲಿ ಬಿ. ಬಸವಲಿಂಗಪ್ಪನವರು ಆ ಮಾತನ್ನು ಸಾಹಿತ್ಯದ ಬಗ್ಗೆ ಆಡಿ ಮಂತ್ರಿ ಪದವಿ ಕಳೆದುಕೊಂಡರು. ಹಳ್ಳಿಯ ಸಾಹುಕಾರ ಸುಳ್ಳು ಹೇಳುತ್ತಿದ್ದ. ಲೆಕ್ಕದ ಬುಕ್ಕು ತೆರೆಸಿ ಅವನನ್ನು ಹಿಡಿಯಲು ಬರುತ್ತಿತ್ತು. ‘ಸಂಸ್ಥೆಯನ್ನು ರೈಟ್‌ಸೈಜ್ ಮಾಡಲಾಗಿದೆ’ ಎಂಬ ವಾಕ್ಯದಲ್ಲಿ ಹಿಡಿಯಲು ಯಾರೂ ಇಲ್ಲ. ಮಾಡಿದವನಿಲ್ಲ, ಮನೆಗೆ ಹೋದವನಿಲ್ಲ. ಆ ಪತ್ರಕ್ಕೆ ಸಹಿ ಹಾಕಿದವನು ನಮ್ಮದೇ ಹಾಸ್ಟೆಲಿನಲ್ಲಿ ಓದಿದ ಹುಡುಗನಿರಬಹುದು. ಅವನನ್ನು ಖಳನಾಯಕ ಮಾಡಬೇಕಿಲ್ಲ. ಆದರೆ ಮನೆಗೆ ಹೋಗಿ ಅವ್ವನ ಮುಂದೆ ಅವನು ಅದೇ ಸಂಗತಿಯನ್ನು ಯಾವ ಮಾತಿನಲ್ಲಿ ಹೇಳುತ್ತಾನೆ? ‘ಇಪ್ಪತ್ತು ಮಂದೀನ ಕೆಲಸದಿಂದ ತೆಗದ್ವಿ ಯವ್ವಾ’ ಅನ್ನುತ್ತಾನೆ. ಅವ್ವನ ಮುಂದೆ ಆಡಬಲ್ಲ ಮಾತನ್ನು ಆಫೀಸಿನಲ್ಲಿ ಆಡಬಾರದೆಂದು ಅವನಿಗೆ ಯಾರು ಕಲಿಸಿದರು?

ಇಂಗ್ಲಿಷ್ ಮಾತು ಸಾಲದೆಂದು ಈಗ ‘ಕಾಯಕ’ಕ್ಕೂ ಕೈ ಹಾಕಿದ್ದಾರೆ. ತರಬೇತಿಗಳಲ್ಲಿ ಬಸವಣ್ಣನ ಚಿತ್ರ ತೋರಿಸಿ ಹೆಚ್ಚು ಹೊತ್ತು ದುಡಿಯುವುದೇ ಕಾಯಕ ಎನ್ನುತ್ತಾರೆ. ಕಲ್ಯಾಣದ ಶರಣರ ಕಥೆಯಲ್ಲಿ ಆಯ್ದಕ್ಕಿ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು. ವರ್ಷದ ಲಾಭದ ಸಭೆಯಲ್ಲಿ ಲಕ್ಕಮ್ಮನ ಹೆಸರು ಎತ್ತಿದ ಕಂಪನಿಯನ್ನು ನಾನು ಕೇಳಿಲ್ಲ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದಿದೆ. ಅದಕ್ಕೂ ಹೊಣೆಗಾರಿಕೆ ಎಂಬ ದೊಡ್ಡ ಹೆಸರು. ಉಳಿದ ತೊಂಬತ್ತೆಂಟಕ್ಕೆ ಏನು ಹೆಸರು?

ಮಾತಿನ ಮೇಲಿನ ಜಗಳದಿಂದ ಹೊಟ್ಟೆ ತುಂಬುವುದಿಲ್ಲ ಎನ್ನುವ ಸಂಗಾತಿಗಳಿದ್ದಾರೆ. ಅವರು 2022ರ ಏಪ್ರಿಲಿನ ಒಂದು ತೀರ್ಪನ್ನು ಓದಲಿ. ಗುಜರಾತಿನ ಅಂಗನವಾಡಿ ಹೆಣ್ಣುಮಕ್ಕಳು ಗ್ರಾಚ್ಯುಟಿ ಕೇಳಿದರು. ಇವರಿಗೆ ಕೊಡುವುದು ವೇತನವಲ್ಲ, ಗೌರವಧನ. ಇವರು ನೌಕರರೇ ಅಲ್ಲ ಎಂಬುದು ಸರಕಾರದ ವಾದ. ಸುಪ್ರೀಂ ಕೋರ್ಟು ಗೌರವಧನವೂ ವೇತನವೇ ಎಂದಿತು, 1972ರ ಗ್ರಾಚ್ಯುಟಿ ಕಾಯ್ದೆ ಇವರಿಗೂ ಸಲ್ಲುತ್ತದೆ ಎಂದಿತು. ಅಂಗನವಾಡಿ ಯೋಜನೆ ಶುರುವಾದದ್ದು 1975ರಲ್ಲಿ. ಒಂದು ಮಾತನ್ನು ಅದರ ನಿಜವಾದ ಹೆಸರಿನಿಂದ ಕರೆಸಲು ನಲವತ್ತೇಳು ವರ್ಷ ಬೇಕಾದವು.

ಹಳ್ಳಿಯ ಮಾಸ್ತರರು ಒಂದು ಕೆಲಸ ಮಾಡಬಹುದು. ಹತ್ತನೆಯದೋ ಪಿಯುಸಿಯೋ ಮುಗಿಸಿ ಹೈದರಾಬಾದಿಗೆ, ಪುಣೆಗೆ, ಬೆಂಗಳೂರಿಗೆ ಹೊರಡುವ ಹುಡುಗ ಹುಡುಗಿಯರು ಕೆಲಸದ ಕಾಗದ ಹಿಡಿದು ನಿಮ್ಮ ಹತ್ತಿರ ಓದಿಸಲು ಬರುತ್ತಾರೆ. ಕನ್ನಡಕ್ಕೆ ತಿರುಗಿಸಿ ಹೇಳುವಾಗ ಪಾರ್ಟ್ನರ್, ಅಸೋಸಿಯೇಟ್, ಟ್ರೇನಿ ಎಂದಿರುವ ಕಡೆಯೆಲ್ಲ ‘ಕೂಲಿಯಾಳು’ ಎಂದು ಇಟ್ಟು ಒಮ್ಮೆ ಓದಿ ತೋರಿಸಿ. ಆಮೇಲೆ ಆ ಕಾಗದದಲ್ಲಿ ಮೂರು ಸಂಗತಿ ಹುಡುಕಲು ಹೇಳಿ: ಕೊಡೋರು ಯಾರು, ಎಷ್ಟು ಕೊಡ್ತಾರ, ಕೊಡದಿದ್ರ ಯಾರ ಬಾಗಿಲಿಗಿ ಹೋಗಬೇಕು. ಸಿಕ್ಕದಿದ್ದರೆ, ಸಹಿ ಮಾಡುವ ಮುಂಚೆ ಕಾಗದ ಕೊಟ್ಟವನನ್ನೇ ಕೇಳಿ ಬರಲಿ. ಅವನು ಕೊಡುವ ಉತ್ತರವನ್ನು ಅವನ ಮಾತಿನಲ್ಲೇ ಅದೇ ಕಾಗದದ ಹಿಂದೆ ತಾರೀಖು ಹಾಕಿ ಬರೆಸಿ ಇಡಿ.